ಡಾಲಿಯ ಆನೆಗಳು

ಅತಿವಾಸ್ತವವಾದಿ ಚಿತ್ರಕಾರ ಸಾಲ್ವಡೋರ್ ಡಾಲಿಯ ವಸ್ತುಸಂಗ್ರಹಾಲಯಗಳಲ್ಲಿ ದೊಡ್ಡದು ಇರುವುದು ಸ್ಪೇನ್ ದೇಶದ ಫಿಗೇರಸ್‌ನಲ್ಲಿ. ಅದು ಅವನು ಹುಟ್ಟಿದ ಊರು. ಅಂತರ್ಯುದ್ಧದ ಕೊನೆಯಲ್ಲಿ, 1939ರಲ್ಲಿ, ಸುಟ್ಟು ಹಾಳಾದ ಅಲ್ಲಿನ ನಾಟಕಶಾಲೆಯನ್ನೇ ಡಾಲಿ ತನ್ನ ಸಂಗ್ರಹಾಲಯವಾಗಿ ಮಾಡಿಕೊಂಡ. 1974ರಲ್ಲಿ ಅದು ಜನರಿಗೆ ತೆರೆಯಿತು. 1989ರಲ್ಲಿ ತೀರಿಕೊಂಡ ಮೇಲೆ ಹಳೆಯ ರಂಗಸ್ಥಳದ ಕೆಳಗೇ ಅವನ ಸಮಾಧಿಯಾಯಿತು.

ಅಂಗಳದಲ್ಲೊಂದು ಕಾರಿದೆ, ಮಳೆ ಬೀಳುವುದು ಅದರ ಒಳಗೆ. ಒಂದು ಕೋಣೆಯಲ್ಲಿ ತುಟಿಯಾಕಾರದ ಸೋಫಾ, ಬೆಂಕಿಗೂಡು, ಎರಡು ಚಿತ್ರಗಳು. ಮೆಟ್ಟಿಲು ಹತ್ತಿ ಮಸೂರದಲ್ಲಿ ನೋಡಿದರೆ ಅಷ್ಟೂ ಸೇರಿ ಮೇ ವೆಸ್ಟ್ ಎಂಬ ನಟಿಯ ಮುಖವಾಗುತ್ತದೆ. ತುಮಕೂರು ಸೀಮೆಯ ನನಗೆ ಇವು ಟ್ರಿಕ್ ಸೀನುಗಳಂತೆ ಕಂಡವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಲ್ಲಿ ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರಲ್ಲವೆ? ಆದರೆ ಅಲ್ಲಿ ಚಪ್ಪಾಳೆ ನಿಂತೊಡನೆ ಕಥೆ ಮುಂದುವರಿಯುತ್ತಿತ್ತು. ಫಿಗೇರಸ್‌ನಲ್ಲಿ ಬೆರಗು ಮುಗಿದ ಮೇಲೆ ಉಳಿಯುವವನು ಡಾಲಿಯೊಬ್ಬನೇ.

ಹಾಗೆಂದು ಅವನನ್ನು ಗಾರುಡಿಗನೆಂದು ತಳ್ಳಿಹಾಕಲಾಗದು. 1937ರ ಅವನ ಚಿತ್ರವೊಂದರಲ್ಲಿ ಕೊಳದ ಹಂಸಗಳು ನೀರಿನಲ್ಲಿ ಆನೆಗಳಾಗಿ ಕಾಣುತ್ತವೆ. ಹಂಸದ ಕತ್ತೇ ಸೊಂಡಿಲು. ಮೋಡದಲ್ಲಿ ಆನೆ ಕಾಣುವ ಮಗುವಿನ ಕಣ್ಣನ್ನು ದೊಡ್ಡವರಿಗೆ ಮರಳಿಸುವ ಶಕ್ತಿ ಆ ಚಿತ್ರಕ್ಕಿದೆ.

1967ರಲ್ಲಿ ಇದೇ ಕಲ್ಪನೆಯನ್ನು ಬಳಸಿ ಡಾಲಿ ಏರ್ ಇಂಡಿಯಾಕ್ಕೊಂದು ಬೂದಿಬಟ್ಟಲು ರೂಪಿಸಿಕೊಟ್ಟ. ಸಂಭಾವನೆಯಾಗಿ ಹಣ ಬೇಡ, ಆನೆಮರಿ ಬೇಕೆಂದ. ಮರಿ ಬೆಂಗಳೂರಿನಿಂದ ವಿಮಾನವೇರಿತು. ಕೊನೆಗೆ ಅದು ಸೇರಿದ್ದು ವೆಲೆನ್ಸಿಯಾದ ಮೃಗಾಲಯವನ್ನು.

ಡಾಲಿ ಹೆಂಡತಿ ಗಾಲಾಳಿಗೆ ಕೊಟ್ಟ ಪುಬೋಲ್‌ನ ಕೋಟೆಮನೆಯೂ ಈಗ ಸಂಗ್ರಹಾಲಯ. ಅದರ ತೋಟದಲ್ಲಿ ಕಡ್ಡಿಕಾಲಿನ ಆನೆಗಳ ಶಿಲ್ಪಗಳಿವೆ. ಅವುಗಳ ಮುಂದೆ ನಿಂತಾಗ ನನ್ನ ಮನಸ್ಸು ಹೋದದ್ದು ನಮ್ಮ ನಾಡಿನಿಂದ ಹೋದ ಆ ಮರಿಯ ಕಡೆಗೆ. ಬಟ್ಟೆಯ ಮೇಲೆ ಆನೆಗೆ ಎಂಥ ಕಾಲನ್ನಾದರೂ ಬರೆಯಬಹುದು. ಅದು ಕಲಾವಿದನ ಹಕ್ಕು. ಜೀವವಿರುವ ಮರಿಯನ್ನು ಅದರ ಕಾಡು, ನೀರು, ಬಳಗದಿಂದ ಬಿಡಿಸಿ ತರಿಸಿಕೊಳ್ಳುವುದು ಕನಸಲ್ಲ, ದೊಡ್ಡಸ್ತಿಕೆ. ಅತಿವಾಸ್ತವವಾದ ವಾಸ್ತವವನ್ನು ಮೀರಬೇಕು, ಮರೆಯಬಾರದು. ಈ ಮಾತನ್ನು ಡಾಲಿಗೆ ಹೇಳುವ ನಾವು, ಕುರುಕ್ಷೇತ್ರದ ದೀಪಗಳ ನಡುವೆ ನಿಂತಿದ್ದ ಆನೆಯನ್ನೂ ಒಮ್ಮೆ ನೆನೆಯಬೇಕಾಗುತ್ತದೆ.