ಕೊಲ್ಲುವ ಸರದಿ ಯಾರದು?

ಈ ವಾರ ಶೂದ್ರಕನ ಮೃಚ್ಛಕಟಿಕ ನಾಟಕದ ಕೊನೆಯಲ್ಲಿ ಬರುವ ಚಾರುದತ್ತನ ಕ್ಷಮೆಯ ಬಗ್ಗೆ ಬರೆಯುತ್ತೇನೆ ಎಂದಿದ್ದೆ. ಅದಕ್ಕೆಂದೇ ಹತ್ತನೆಯ ಅಂಕವನ್ನು ಮತ್ತೆ ಓದಲು ಕೂತೆ. ಕಣ್ಣು ನಿಂತದ್ದು ಬೇರೆ ಕಡೆ. ಕ್ಷಮೆಗೆ ಆಮೇಲೆ ಬರೋಣ, ಮೊದಲು ಆ ಇಬ್ಬರು ವಧಕಾರರು.

ವಸಂತಸೇನೆಯ ಕತ್ತು ಹಿಸುಕಿದವನು ರಾಜನ ಭಾವಮೈದುನ ಶಕಾರ, ಆರೋಪ ಹೊತ್ತವನು ಅವಳ ಪ್ರಿಯಕರ ಚಾರುದತ್ತ. ನ್ಯಾಯಾಧಿಕಾರಿ ಮನುವನ್ನು ನೆನೆದು ಗಡೀಪಾರು ಸಾಕೆಂದರೂ ರಾಜ ಪಾಲಕ ಶೂಲಕ್ಕೇರಿಸಿ ಎಂದ. ಕೊರಳಲ್ಲಿ ಕಣಗಿಲೆಯ ಮಾಲೆ, ಮೈತುಂಬ ರಕ್ತಚಂದನದ ಕೈಯಚ್ಚು. ಇಬ್ಬರು ಚಾಂಡಾಲರು ಡಂಗುರ ಸಾರುತ್ತ ಅವನನ್ನು ಉಜ್ಜಯಿನಿಯ ಬೀದಿಯಲ್ಲಿ ನಡೆಸಿಕೊಂಡು ಹೋಗುತ್ತಾರೆ.

ಕೊಲ್ಲುವ ಜಾಗ ಬಂದಾಗ ಅವರಲ್ಲಿ ಮಾತು ಹತ್ತುತ್ತದೆ: ಇವತ್ತು ಸರದಿ ಯಾರದು? ನಿನ್ನದು, ಅಲ್ಲ ನಿನ್ನದು. ಗೀಟು ಎಳೆದು ಲೆಕ್ಕ ಹಾಕುತ್ತಾರೆ. ಸರದಿ ಬಂದವನು ತನ್ನ ಅಪ್ಪ ಸಾಯುವಾಗ ಹೇಳಿದ ಬುದ್ಧಿಮಾತನ್ನು ತೆಗೆಯುತ್ತಾನೆ. ಕೊಲ್ಲುವ ದಿನ ಅವಸರ ಮಾಡಬೇಡ ಮಗನೇ. ಯಾರೋ ಒಳ್ಳೆಯವರು ಹಣ ಕೊಟ್ಟು ಬಿಡಿಸಿಕೊಂಡಾರು, ಅರಮನೆಯಲ್ಲಿ ಗಂಡುಮಗು ಹುಟ್ಟಿ ಸೆರೆ ಬಿಟ್ಟಾರು, ಆನೆ ಕಂಬ ಕಿತ್ತುಕೊಂಡು ಬಂದ ಗದ್ದಲದಲ್ಲಿ ಇವನು ತಪ್ಪಿಸಿಕೊಂಡಾನು, ಇಲ್ಲವೇ ರಾಜನೇ ಬದಲಾದಾನು. ಅಪ್ಪ ಮಗನಿಗೆ ಬಿಟ್ಟುಹೋದ ಆಸ್ತಿ ಇದು. ಶೂದ್ರಕ ಬೇರೇನನ್ನೂ ಬರೆಯದೆ ಇಷ್ಟನ್ನೇ ಬರೆದಿದ್ದರೂ ನಾನು ಅವನಿಗೆ ಕೈಮುಗಿಯುತ್ತಿದ್ದೆ.

ನಾನು ನೋಡಿದ ಎರಡು ಪ್ರಯೋಗಗಳಲ್ಲಿ ಈ ದೃಶ್ಯವೇ ಇರಲಿಲ್ಲ. ಒಂದರ ನಿರ್ದೇಶಕರನ್ನು ಕೇಳಿದರೆ, ‘ಕಥೆ ಅಲ್ಲಿ ಎಳೆಯುತ್ತದೆ’ ಎಂದರು. ಎಳೆಯಬೇಕಾದದ್ದೇ ಅಲ್ಲಿ! ಡಂಗುರದ ಸದ್ದು ಕೇಳಿಯೇ, ಸತ್ತಳೆಂದುಕೊಂಡಿದ್ದ ವಸಂತಸೇನೆಯೂ ಅವಳನ್ನು ಉಳಿಸಿದ ಭಿಕ್ಷುವೂ ಓಡೋಡಿ ಬರುವುದು. ವಧಕಾರರು ಚುರುಕಾಗಿದ್ದರೆ ಅವಳು ಬರುವ ಹೊತ್ತಿಗೆ ಶೂಲದ ಮೇಲೆ ಹೆಣವಿರುತ್ತಿತ್ತು.

ಸಂಸ್ಕೃತ ನಾಟಕವೆಂದರೆ ಮಂಗಳಾಂತ್ಯ, ಕೊನೆಗೆ ಮೇಲಿನಿಂದ ಯಾರೋ ಬಂದು ಕೈಹಿಡಿಯುತ್ತಾರೆ ಎನ್ನುವವರೊಂದಿಗೆ ನನ್ನ ಜಗಳ ಹಳೆಯದು. ಶಾಕುಂತಲದಲ್ಲಿ ಇಂದ್ರನ ರಥ ಇಳಿಯುತ್ತದೆ, ಒಪ್ಪಿದೆ. ಇಲ್ಲಿ ಇಳಿಯುವವನು ಶಕಾರನ ಗಾಡಿ ಹೊಡೆಯುವ ದಾಸ ಸ್ಥಾವರಕ. ಒಡೆಯನ ಅಧಿಕಾರ ನನ್ನ ಮೈಯ ತನಕ, ನಡತೆಯ ತನಕ ಇಲ್ಲವೆಂದು ಎಂಟನೆಯ ಅಂಕದಲ್ಲಿ ಕೊಲೆಗೆ ಒಲ್ಲೆನೆಂದವನು. ಅವನನ್ನು ಶಕಾರ ಸಂಕೋಲೆ ಹಾಕಿ ಮೇಲಂತಸ್ತಿನಲ್ಲಿ ಕೂಡಿಟ್ಟಿದ್ದಾನೆ. ನಾನು ಸತ್ತರೂ ಸರಿ, ಚಾರುದತ್ತ ಉಳಿಯಲಿ ಎಂದು ಅವನು ಕಿಟಕಿಯಿಂದ ಧುಮುಕುತ್ತಾನೆ. ಬಿದ್ದ ಏಟಿಗೆ ಸಂಕೋಲೆ ಮುರಿಯುತ್ತದೆ. ಅವನು ಹೇಳಿದ ನಿಜವನ್ನು ಶಕಾರ ಕೂಡಲೇ ಸುಳ್ಳು ಮಾಡುತ್ತಾನೆ, ಆದರೆ ಅಷ್ಟರಲ್ಲಿ ಇನ್ನೊಂದಿಷ್ಟು ಹೊತ್ತು ಕಳೆದಿರುತ್ತದೆ.

ಈಗ ಕ್ಷಮೆಗೆ ಬರೋಣ. ರಾಜ ಬದಲಾಗುತ್ತಾನೆ, ವಧಕಾರನ ಅಪ್ಪ ಹೇಳಿದ್ದರಲ್ಲಿ ಕೊನೆಯದೇ ನಿಜವಾಗುತ್ತದೆ. ಶಕಾರನನ್ನು ಕಟ್ಟಿ ತರುತ್ತಾರೆ. ಜನ ಕೊಲ್ಲಿ ಎನ್ನುತ್ತಾರೆ. ವಸಂತಸೇನೆ ಚಾರುದತ್ತನ ಕೊರಳಿನ ವಧ್ಯಮಾಲೆಯನ್ನು ತೆಗೆದು ಶಕಾರನ ಮೇಲೆ ಎಸೆಯುತ್ತಾಳೆ. ಅವನು ಬೈಗುಳದ ಜೊತೆಯಲ್ಲೇ ಅವಳ ಮುಂದೆ ಅಂಗಲಾಚುತ್ತಾನೆ. ಅವಳ ಉತ್ತರಕ್ಕೆ ಯಾರೂ ಕಾಯುವುದಿಲ್ಲ. ಹೊಸ ರಾಜನ ಕಡೆಯ ಶರ್ವಿಲಕ ಕೇಳುವುದು ಚಾರುದತ್ತನನ್ನು. ಶರಣು ಬಂದವನ ಮೇಲೆ ಆಯುಧ ಎತ್ತಬಾರದು, ಅವನನ್ನು ಉಪಕಾರದಿಂದಲೇ ಕೊಲ್ಲಬೇಕು ಎಂದು ಚಾರುದತ್ತ ಬಿಡಿಸುತ್ತಾನೆ.

ಇದು ದೊಡ್ಡ ಮಾತು, ನಿಜ. ಆದರೆ ಕತ್ತು ಹಿಸುಕಿಸಿಕೊಂಡವಳು ಪಕ್ಕದಲ್ಲೇ ನಿಂತಿದ್ದಾಳೆ. ಆ ಮಾಲೆಯೇ ಅವಳ ತೀರ್ಪು ಎಂದು ನಾನು ಓದುತ್ತೇನೆ. ಗಿರೀಶ ಕಾರ್ನಾಡರು 1984ರ ‘ಉತ್ಸವ್’ ಚಿತ್ರದಲ್ಲಿ ಈ ಮುಕ್ತಾಯವನ್ನು ಬದಲಿಸಿ ಶಕಾರನನ್ನು ಅವಳ ಬಾಗಿಲಿಗೇ ತಂದದ್ದರ ಹಿಂದೆ ಇದೇ ಇರುಸುಮುರುಸು ಇದ್ದಿರಬೇಕು.

ಕೊನೆಗೆ ಹಂಚಿಕೆ. ಶಕಾರ ಮೊದಲಿದ್ದಂತೆಯೇ ಇರಲಿ ಎಂದಾಗುತ್ತದೆ. ಸ್ಥಾವರಕನ ದಾಸ್ಯ ತೀರುತ್ತದೆ. ವಧಕಾರರು ಚಾಂಡಾಲರೆಲ್ಲರ ಮುಖ್ಯಸ್ಥರಾಗುತ್ತಾರೆ; ಅಂದರೆ ಕತ್ತಿ ಅವರ ಕೈಯಿಂದ ಹೋಗುವುದಿಲ್ಲ. ಶೂದ್ರಕನ ನ್ಯಾಯ ಅಲ್ಲಿಗೆ ನಿಲ್ಲುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಚಾರುದತ್ತನಿಗೆ ಕ್ಷಮಿಸಲು ಒಂದು ಜೀವ ಉಳಿದಿತ್ತಲ್ಲ, ಅದು ಅವರು ಗೀಟು ಎಳೆಯುತ್ತ ಕಳೆದ ಹೊತ್ತು. ಬನ್ನಂಜೆಯವರ ಕನ್ನಡ ಅನುವಾದ ‘ಆವೆಯ ಮಣ್ಣಿನ ಆಟದ ಬಂಡಿ’ ಕೈಗೆ ಸಿಕ್ಕರೆ ಆ ಪುಟಗಳನ್ನು ನಿಧಾನವಾಗಿ ಓದಿ. ಆಡಿಸುವವರು ದಯಮಾಡಿ ಅಲ್ಲಿ ಕತ್ತರಿ ಹಾಕಬೇಡಿ.