ತುಳಿಯುತ್ತಲೇ ಬರೆಯುವ ಸೈಕಲ್
ಅಮೆರಿಕದ ಬರಹಗಾರ ಸ್ಟೀವನ್ ರಾಬರ್ಟ್ಸ್ 1983ರಲ್ಲಿ ಊರು ಬಿಟ್ಟು, ಒರಗಿ ಕೂತು ತುಳಿಯುವ ಸೈಕಲ್ಲನ್ನೇ ಮನೆ, ಕಚೇರಿ ಎರಡೂ ಮಾಡಿಕೊಂಡರು. ಅದನ್ನೇ ತಿದ್ದುತ್ತಾ, ಬೆಳೆಸುತ್ತಾ ಹೋಗಿ ಮೈದಾಳಿದ್ದು ‘ಬೆಹೆಮತ್’. ತೂಕ ಸುಮಾರು 260 ಕಿಲೋ; ಏರು ಹತ್ತಲು 105 ಗೇರು. ಹಿಂದಿನ ಟ್ರೇಲರ್ ಮೇಲೆ ಸೌರಫಲಕ, ಹೆಲ್ಮೆಟ್ಟಿನಲ್ಲಿ ಪುಟ್ಟ ಪರದೆ. ತಲೆ ಆಡಿಸಿದರೆ ಸಾಕು, ಕಂಪ್ಯೂಟರಿನ ಬಾಣ ಸರಿಯುತ್ತದೆ.

ನನ್ನನ್ನು ಮರುಳು ಮಾಡಿದ್ದು ಅದರ ಹ್ಯಾಂಡಲ್. ಸೀಟಿನ ಕೆಳಗಿನಿಂದ ಬಂದ ಆ ಹಿಡಿಯಲ್ಲಿ ಕೆಲವೇ ಗುಂಡಿಗಳು. ಹಾರ್ಮೋನಿಯಂ ನುಡಿಸುವಂತೆ ಎರಡು ಮೂರನ್ನು ಒಟ್ಟಿಗೆ ಒತ್ತಿದರೆ ಒಂದು ಅಕ್ಷರ. ಕೈ ಹಿಡಿಕೆ ಬಿಡದೆ, ಕಣ್ಣು ದಾರಿ ಬಿಡದೆ, ಕಾಲು ತುಳಿತ ಬಿಡದೆ ಬರಹ ಸಾಗುತ್ತದೆ! ಮೊಬೈಲು ಜನರ ಜೇಬು ಸೇರುವ ಮೊದಲೇ, ದಾರಿಯಲ್ಲಿದ್ದೂ ದುಡಿಯಬಹುದೆಂದು ತುಳಿದು ತೋರಿಸಿದ ಈ ಜಾಣ್ಮೆಗೆ ಶರಣು.