ನಾಲ್ಕನೆಯ ಜೋಡಿ

ಬೀಸುಕಲ್ಲಿಗೆ ಗೂಟ ಒಂದೇ, ಹಿಡಿಯುವ ಕೈಗಳು ಇಬ್ಬರವು. ಎದುರುಬದುರು ಕೂತು, ಒಬ್ಬಾಕೆ ಎಳೆದಾಗ ಇನ್ನೊಬ್ಬಾಕೆ ಬಿಟ್ಟುಕೊಡುತ್ತ, ನಸುಕಿನಲ್ಲಿ ಜೋಳ ಬೀಸಿದ ಹೆಂಗಸರ ಬಾಯಲ್ಲಿ ನಮ್ಮ ಸೀಮೆಯ ತ್ರಿಪದಿ ಬೆಳೆಯಿತು. ಧಾರವಾಡ ತಾಲೂಕಿನ ಗರಗದಲ್ಲಿ ಈಗ ಆ ಕಲ್ಲುಗಳು ಹಿತ್ತಲ ಗೋಡೆಗೆ ಒರಗಿವೆ. ಊರಿಗೆ ಹೆಸರು ತಂದದ್ದು ಮಡಿವಾಳೇಶ್ವರ ಮಠ ಮತ್ತು ರಾಷ್ಟ್ರಧ್ವಜಕ್ಕೆಂದು ಇಲ್ಲಿ ನೇಯುವ ಖಾದಿ. ಆ ಖಾದಿಯ ಹಿಂದೆಯೂ ಹೆಂಗಸರ ದುಡಿಮೆಯಿದೆ. ಪಕ್ಕಪಕ್ಕದಲ್ಲಿ ಕೂತು ವರ್ಷಗಟ್ಟಲೆ ನೂಲಿನ ಜೊತೆ ಸುಖದುಃಖವನ್ನೂ ತೆಗೆದವರಿಗೆ ಇಲ್ಲಿ ಒಂದು ಮಾತಿದೆ: ವಾರಿಗಿ ಗೆಳತ್ಯಾರು. ಎಷ್ಟೋ ಹೇಳುವ ಮಾತು ಅದು. ಅಷ್ಟನ್ನೇ ಮುಚ್ಚಿಡುವ ಮಾತೂ ಹೌದು.

ಗೆಳೆತನದ ಹೆಸರಿನಲ್ಲೇ ಒಂದು ಸಾಹಿತ್ಯಯುಗವನ್ನು ಕಟ್ಟಿದ ನೆಲ ಇದು. 1922ರಲ್ಲಿ ಬೇಂದ್ರೆಯವರು ಧಾರವಾಡದಲ್ಲಿ ಗೆಳೆಯರ ಗುಂಪನ್ನು ಕಟ್ಟಿದರು. ಹಲಸಂಗಿಯ ಗೆಳೆಯರು ಹೆಂಗಸರ ಹಾಡುಗಳನ್ನು ಕೂಡಿಸಿ 1931ರಲ್ಲಿ ಹೊರತಂದರು. ಗಂಡಸರ ಗೆಳೆತನಕ್ಕೆ ಹೀಗೆ ಹೆಸರು ಬಂತು, ಚರಿತ್ರೆಯೂ ಬಂತು. ಅವರು ತಂದ ಪುಸ್ತಕದ ಹೆಸರು ‘ಗರತಿಯ ಹಾಡು’. ಒಂದು ಗೂಟವನ್ನು ಇಬ್ಬರು ಹಿಡಿದು ಹಾಡಿದ್ದು ಅಚ್ಚಾಗುವ ಹೊತ್ತಿಗೆ ಒಬ್ಬ ಗರತಿಯದಾಯಿತು. ಎದುರಿಗೆ ಕೂತವಳು ಹೆಸರಿನಿಂದ ಬಿದ್ದುಹೋದಳು. ಸಂಗ್ರಹಕಾರರ ಉಪಕಾರ ದೊಡ್ಡದು, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಹೆಣ್ಣಿನ ಪ್ರೀತಿಯನ್ನು ಗಂಡನ ಮನೆಯ ಬಾಗಿಲಲ್ಲಿ ನಿಂತೇ ನೋಡುವ ನಮ್ಮ ಅಭ್ಯಾಸ ಆ ಶೀರ್ಷಿಕೆಯಲ್ಲಿ ಕೂತಿದೆ.

ಮನೆಯ ಬಾಗಿಲು ದಾಟಿ ಕಾಡಿಗೆ ಹೋದರೆ? ಹೆಣ್ಣಿಗೆ ಹೆಣ್ಣು ಒದಗುವ ಪ್ರಸಂಗಗಳನ್ನು ನಮ್ಮ ಪರಂಪರೆ ಮತ್ತೆ ಮತ್ತೆ ಇಟ್ಟಿರುವುದು ಕಾಡಿನಲ್ಲೇ. ಶಾಕುಂತಲವನ್ನು ನೋಡಿ. ಚುರಮರಿ ಶೇಷಗಿರಿರಾಯರು ನಮ್ಮ ಕಡೆಯ ಮಾತಿಗೂ ಬಸವಪ್ಪ ಶಾಸ್ತ್ರಿಗಳು ಮೈಸೂರಿನ ನುಡಿಗೂ ತಂದ ಈ ನಾಟಕದಲ್ಲಿ ಅನಸೂಯೆ, ಪ್ರಿಯಂವದೆಯರು ಶಕುಂತಲೆಯ ಜೊತೆ ಗಿಡಗಳಿಗೆ ನೀರೆರೆಯುತ್ತಾರೆ, ಅವಳ ತಾಪಕ್ಕೆ ಕಮಲದೆಲೆ ಬೀಸುತ್ತಾರೆ, ದೂರ್ವಾಸನ ಶಾಪವನ್ನು ಅವಳಿಗೆ ತಿಳಿಯದಂತೆ ತಮ್ಮ ಎದೆಯಲ್ಲೇ ಇಟ್ಟುಕೊಳ್ಳುತ್ತಾರೆ. ನಾಲ್ಕನೆಯ ಅಂಕದಲ್ಲಿ ಅವಳು ಹಸ್ತಿನಾವತಿಗೆ ಹೊರಟಾಗ ಕಣ್ವ ಅವರನ್ನು ತಡೆಯುತ್ತಾನೆ: ಇವರಿಗೂ ಮದುವೆಯಾಗಬೇಕು, ಅಲ್ಲಿಗೆ ಹೋಗುವುದು ಸರಿಯಲ್ಲ. ಆಮೇಲೆ ಅವರು ರಂಗಕ್ಕೆ ಬರುವುದಿಲ್ಲ. ಮರೆತ ರಾಜನ ಪಶ್ಚಾತ್ತಾಪಕ್ಕೆ ಇಡೀ ಆರನೆಯ ಅಂಕವಿದೆ. ಒಂದು ದಿನವೂ ಮರೆಯದ ಗೆಳತಿಯರಿಗೆ ಒಂದು ಸಾಲಿನ ಮುಂದಿನ ಕಥೆಯೂ ಇಲ್ಲ. ಗೆಳತಿ ಕಾಡಿಗೆ, ಗಂಡ ಊರಿಗೆ ಎಂಬ ಪಾಲುಪಟ್ಟಿ ಅಲ್ಲಿಗೇ ಬರೆದಾಯಿತು.

ಜಾನಪದದಲ್ಲೂ ಈ ಪಾಲುಪಟ್ಟಿ ಉಂಟು. ಎ. ಕೆ. ರಾಮಾನುಜನ್ ಸಂಗ್ರಹಿಸಿದ, ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಚಿತ್ರ ಮಾಡಿದ ಹೂಮರದ ಹುಡುಗಿಯ ಕಥೆಯಲ್ಲಿ ಹುಡುಗಿ ಮೊದಲು ತನ್ನ ಗುಟ್ಟನ್ನು ಹೇಳುವುದು ಅಕ್ಕನಿಗೆ. ಉಗುರು ತಾಗದಂತೆ ನೀರು ಹೊಯ್ಯುವವಳೂ, ಟೊಂಗೆ ಮುರಿಯದಂತೆ ಹೂ ಬಿಡಿಸುವವಳೂ ಅಕ್ಕ. ಅದೇ ಮರವನ್ನು ಮುರಿಯುವವಳೂ ಹೆಣ್ಣೇ, ಗಂಡನ ತಂಗಿ. ಹೆಣ್ಣಿಗೆ ಹೆಣ್ಣು ಸದಾ ಅಮೃತವೆಂಬ ಭ್ರಮೆ ಕಥೆ ಹೇಳುವವರಿಗಿಲ್ಲ. ಅದು ಈ ಕಥೆಯ ಗಟ್ಟಿತನ. ಆದರೆ ಕೊನೆಯಲ್ಲಿ ಮುರಿದ ಟೊಂಗೆಗಳನ್ನು ಜೋಡಿಸಿ ನೀರು ಹೊಯ್ದು ಅವಳನ್ನು ಮರಳಿ ಹೆಣ್ಣಾಗಿಸುವವನು ಗಂಡ. ಆ ವಿದ್ಯೆಯನ್ನು ಮೊದಲು ಬಲ್ಲ ಕೈ ಅಕ್ಕನದು ಎಂಬುದು ಅಷ್ಟು ಹೊತ್ತಿಗೆ ನಮಗೆ ಮರೆತಿರುತ್ತದೆ. ಎಲ್ಲ ಬಿಟ್ಟು ಶ್ರೀಶೈಲದ ಕಾಡಿಗೆ ನಡೆದ ಅಕ್ಕಮಹಾದೇವಿಯ ದಾರಿಯನ್ನೂ ನಾವು ಓದುವುದು ಚೆನ್ನಮಲ್ಲಿಕಾರ್ಜುನನೆಂಬ ಗಂಡನತ್ತ ಹೋಗುವ ದಾರಿಯಾಗಿ.

ಈ ಪರಂಪರೆ ತನ್ನನ್ನು ತಾನೇ ಮೀರುವ ಒಂದು ಜಾಗವಿದೆ: ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967). ಈ ಕಾದಂಬರಿಯ ಪಾಠ ಹೇಳುವಾಗ ನಾವು ಮೂರು ಜೋಡಿ ಎಣಿಸುತ್ತೇವೆ: ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ. ನಾಲ್ಕನೆಯದೊಂದು ಪುಸ್ತಕದಲ್ಲೇ ಇದೆ. ಸಿಂಬಾವಿ ಭರಮೈಹೆಗ್ಗಡೆಯ ಮದುವೆಯಿಂದ ತಪ್ಪಿಸಿಕೊಂಡು ಓಡುವ ಹೂವಳ್ಳಿ ಚಿನ್ನಮ್ಮನಿಗೆ ಹುಲಿಕಲ್ಲು ನೆತ್ತಿಯ ಕಾಡುದಾರಿಯಲ್ಲಿ ಜೊತೆಯಾಗುವವಳು ಪೀಂಚಲು, ಘಟ್ಟದ ಕೆಳಗಿನಿಂದ ದುಡಿಮೆಗೆ ಬಂದ ಐತನ ಹೆಂಡತಿ. ಕತ್ತಲೆ, ಏರುದಾರಿ, ಹಿಂದೆ ಯಾರಾದರೂ ಬರುತ್ತಾರೆಂಬ ದಿಗಿಲು. ಊರಿನಲ್ಲಿ ಒಬ್ಬಾಕೆ ಗೌಡರ ಮನೆಯ ಮಗಳು, ಇನ್ನೊಬ್ಬಾಕೆ ಆಳು. ಕಾಡು ಆ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಒಡತಿ ಅಲ್ಲಿ ಅಸಹಾಯಕಳು. ದಾರಿ ಬಲ್ಲವಳ ಕೈ ಹಿಡಿಯದೆ ಒಂದು ಹೆಜ್ಜೆಯೂ ಸಾಗದು. ಮುಟ್ಟಬಾರದು, ಸರಿಸಮನಾಗಿ ಕೂರಬಾರದು ಎಂಬ ಊರಿನ ಕಟ್ಟಳೆ ಮೈಯ ಅಗತ್ಯದ ಮುಂದೆ ಕಳಚಿಬೀಳುತ್ತದೆ. ಪ್ರೀತಿ ಇಲ್ಲಿ ಕಣ್ಣಿನಿಂದ ಶುರುವಾಗುವುದಿಲ್ಲ, ನಂಬಿಕೆಯಿಂದ ಶುರುವಾಗುತ್ತದೆ. ಉಳಿದರೆ ಇಬ್ಬರೂ ಉಳಿಯಬೇಕು ಎಂಬ ಸ್ಥಿತಿಯಲ್ಲಿ ಹುಟ್ಟುವ ಈ ನಂಟಿಗೆ ‘ಸ್ವಾಮಿನಿಷ್ಠೆ’ ಎಂಬ ಹಳೆಯ ಹೆಸರು ತೀರ ಸಣ್ಣದು.

ಇಬ್ಬರ ನಡುವೆ ಇದ್ದದ್ದು ಇಂದಿನ ಅರ್ಥದ ಸಲಿಂಗ ಪ್ರೇಮ ಎಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಹಳೆಯ ಪಠ್ಯಕ್ಕೆ ಹೊಸ ಚೀಟಿ ಅಂಟಿಸುವುದು ವಿಮರ್ಶೆಯಲ್ಲ. ಆದರೆ ಗಂಡು ಹೆಣ್ಣು ಒಂದು ರಾತ್ರಿ ಕಾಡಿನಲ್ಲಿ ಜೊತೆಗಿದ್ದರೆ ಸಾಕು, ಪ್ರೇಮವೆಂದು ಓದಲು ನಮಗೆ ಬೇರೆ ಪುರಾವೆ ಬೇಡ. ಇಬ್ಬರು ಹೆಂಗಸರಾದರೆ ಮಾತ್ರ ಪುರಾವೆ ಕೇಳುತ್ತೇವೆ. ತಕ್ಕಡಿ ಎಲ್ಲಿ ವಾಲಿದೆ ಎಂದು ಇಷ್ಟರಿಂದಲೇ ಗೊತ್ತಾಗುತ್ತದೆ.

ಬೇರೆ ಭಾಷೆಗಳ ಜೊತೆ ಇಟ್ಟು ನೋಡಿದರೆ ಕನ್ನಡದ ಚಹರೆ ಇನ್ನಷ್ಟು ಸ್ಪಷ್ಟ. ಇಸ್ಮತ್ ಚುಗ್ತಾಯಿ 1942ರಲ್ಲಿ ಬರೆದ ‘ಲಿಹಾಫ್’ ಕಥೆಯಲ್ಲಿ ಹೆಂಗಸರಿಬ್ಬರ ಸಂಬಂಧ ನಡೆಯುವುದು ನವಾಬನ ಮನೆಯೊಳಗೆ, ರಜಾಯಿಯ ಅಡಿಯಲ್ಲಿ. ಅದಕ್ಕಾಗಿ ಲೇಖಕಿ ಲಾಹೋರಿನ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ದೀಪಾ ಮೆಹ್ತಾ ಅವರ ‘ಫೈರ್’ ಚಿತ್ರದ್ದೂ ಕೂಡುಕುಟುಂಬದ ನಾಲ್ಕು ಗೋಡೆ. 1998ರಲ್ಲಿ ಅದನ್ನು ತೋರಿಸಿದ ಟಾಕೀಸುಗಳ ಮೇಲೆ ದಾಳಿಯಾಯಿತು. ಅವರು ಗೋಡೆಯೊಳಗಿನ ಉಸಿರುಗಟ್ಟುವಿಕೆಯನ್ನು ಬರೆದು ಪೆಟ್ಟು ತಿಂದರು. ನಮಗೆ ಬಯಲಿತ್ತು, ಮಲೆಯಿತ್ತು. ಬೆಳಗಾದೊಡನೆ ಗೆಳತಿಯನ್ನು ಅಲ್ಲೇ ಬಿಟ್ಟು ನಾವು ಊರಿಗೆ ಬಂದೆವು. ಗಂಡಸಿನ ಸಲಿಂಗ ಪ್ರೇಮಕ್ಕೆ 2013ರಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಬಂತು, ಓದುಗರೂ ದೊರೆತರು. ಹೆಣ್ಣಿನ ಪಾಲಿನ ಕಪಾಟು ಇಂದಿಗೂ ತೆಳುವಾಗಿದೆ.

ಕಾಡನ್ನು ಸ್ವರ್ಗವಾಗಿ ಚಿತ್ರಿಸುವ ಹೊಸ ಬರವಣಿಗೆಯ ಬಗ್ಗೆಯೂ ನನಗೆ ತಕರಾರಿದೆ. ಜಾತಿಯಿಲ್ಲದ, ಅತ್ತೆಯಿಲ್ಲದ ಹಸಿರು ಲೋಕದಲ್ಲಿ ಹೆಣ್ಣುಗಳು ಬಿಡುಗಡೆಯಾಗುವ ಕಥೆ ಕೇಳಲು ಚೆಂದ. ಆದರೆ ಗರಗದಿಂದ ನೈಋತ್ಯಕ್ಕೆ ಅಳ್ನಾವರ ದಾಟಿ ಹಳಿಯಾಳ, ದಾಂಡೇಲಿಯ ಕಡೆ ಹೋದರೆ, ಸೌದೆಯ ಹೊರೆ ಹೊತ್ತು ಬರುವ ಹೆಂಗಸಿಗೆ ಅಡವಿ ಬಿಡುಗಡೆಯಲ್ಲ, ಅದೊಂದು ಕೆಲಸ. ಅವಳು ಜೊತೆ ಬಯಸುವುದು ಕರಡಿಯ ಭಯಕ್ಕೆ, ಗಾರ್ಡಿನ ಭಯಕ್ಕೆ, ಹೊರೆ ತಲೆಗೆ ಏರಿಸಲು ಇನ್ನೆರಡು ಕೈ ಬೇಕೆಂಬುದಕ್ಕೆ. ಪ್ರೀತಿ ಬೆಳೆಯುವುದು ಆ ಹೊರೆ ಎತ್ತುವಲ್ಲಿಯೇ. ಅದನ್ನು ಬಿಟ್ಟು ಬರೀ ಬೆಳದಿಂಗಳನ್ನು ಬರೆದರೆ ಕಾಡೂ ಸುಳ್ಳು, ಪ್ರೀತಿಯೂ ಸುಳ್ಳು.

ಇಂದು ಮನೆ ಬಿಟ್ಟು ಹೊರಡುವ ಇಬ್ಬರು ಹುಡುಗಿಯರಿಗೆ ಹುಲಿಕಲ್ಲು ನೆತ್ತಿ ಇರುವುದು ಮಲೆನಾಡಿನಲ್ಲಲ್ಲ. ರಾತ್ರಿ ಬಸ್ಸಿನಲ್ಲಿ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ, ಹುಡುಕಿಕೊಂಡು ಬರುವ ಅಣ್ಣಂದಿರ ಫೋನಿನಲ್ಲಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಅವರ ಪ್ರೀತಿ ಅಪರಾಧವಲ್ಲ ಎಂದಿತು. 2023ರ ಅಕ್ಟೋಬರ್ 17ರಂದು ಅವರ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಕಾಡಿನಲ್ಲಿ ಜೊತೆಗಿರಬಹುದು, ಊರಿಗೆ ಒಟ್ಟಾಗಿ ಬರುವಂತಿಲ್ಲ ಎಂಬ ಕಣ್ವನ ಮಾತಿಗೂ ಇದಕ್ಕೂ ಹೆಚ್ಚು ದೂರವಿಲ್ಲ.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಹೆಣ್ಣಿಗೆ ಹೆಣ್ಣಿನ ಪ್ರೀತಿ ಕನ್ನಡಕ್ಕೆ ಹೊರಗಿನಿಂದ ಬಂದದ್ದಲ್ಲ. ಅದನ್ನು ಕಾಡಿನಲ್ಲಿ ಕಂಡೂ ಊರಿಗೆ ಕರೆದು ತರದಿದ್ದದ್ದು ನಮ್ಮ ಪರಂಪರೆಯ ಕೊರತೆ. ಆ ಕೊರತೆಯನ್ನು ಬರೆಯುವವರು ನಾಳೆ ತುಂಬಲಿ. ಓದುವವರು ಇವತ್ತೇ ಒಂದು ಕೆಲಸ ಮಾಡಬಹುದು: ‘ಮಲೆಗಳಲ್ಲಿ ಮದುಮಗಳು’ ಮತ್ತೆ ತೆರೆದಾಗ ಜೋಡಿಗಳನ್ನು ನಾಲ್ಕು ಎಂದು ಎಣಿಸಿ.